ದಿನಾರಂಭವೂ ಗಡಿಯಾರದ ಹನ್ನೆರಡೂ

ಗಡಿಯಾರದ ಎರಡು ಮುಳ್ಳುಗಳೂ ಹನ್ನೆರಡರ ಮೇಲೆ ಕೂಡಿ ನಿಂತಾಗ ಅದು ಹಗಲೋ ಇರುಳೋ ಎಂಬುದನ್ನು ಆ ಮುಳ್ಳುಗಳು ಹೇಳಲಾರವು. ಎ. ಎಂ., ಪಿ. ಎಂ. ಎಂಬ ಲ್ಯಾಟಿನ್ ಸಂಕೇತಗಳಿಗೆ ಕ್ರಮವಾಗಿ ಮಧ್ಯಾಹ್ನಕ್ಕೆ ಮುಂಚೆ, ಮಧ್ಯಾಹ್ನದ ತರುವಾಯ ಎಂದರ್ಥ. ನಡುಹಗಲು ಇವೆರಡರಲ್ಲಿ ಯಾವುದಕ್ಕೂ ಸೇರದು. ನಡುರಾತ್ರಿಯಾದರೋ ಎರಡಕ್ಕೂ ಸಮನಾಗಿ ಸೇರುವುದು. ಈ ತೊಡಕನ್ನು ಬಿಡಿಸಹೊರಟರೆ, ದಿನವು ಎಲ್ಲಿಂದ ಮೊದಲಾಗುವುದೆಂಬ ಹಳೆಯ ಪ್ರಶ್ನೆಗೆ ಬಂದು ನಿಲ್ಲುತ್ತೇವೆ.

ಪಾಶ್ಚಾತ್ಯರಲ್ಲಿಯೂ ಬಹುಕಾಲ ಇದಕ್ಕೆ ಒಂದೇ ಉತ್ತರವಿರಲಿಲ್ಲ. ಲೋಕವ್ಯವಹಾರದ ದಿನವು ನಡುರಾತ್ರಿಗೆ ಮೊದಲಾಗುತ್ತಿರಲು, ಖಗೋಳಜ್ಞರು ಟಾಲೆಮಿಯ ಸಂಪ್ರದಾಯದಂತೆ ನಡುಹಗಲಿನಿಂದ ಎಣಿಸುತ್ತಿದ್ದರು. ಒಂದೇ ರಾತ್ರಿಯ ವೇಧಗಳು ಎರಡು ತಾರೀಖುಗಳಲ್ಲಿ ಹಂಚಿಹೋಗದಿರುವುದೇ ಇದರ ಅನುಕೂಲ. ಈ ಭೇದವು ತೊಲಗಲೆಂದು 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಪರಿಷತ್ತು ಆಶಿಸಿತು. ಆದರೂ ಬ್ರಿಟಿಷರ ನಾವಿಕ ಪಂಚಾಂಗವು ನಡುರಾತ್ರಿಯ ಎಣಿಕೆಗೆ ಬಂದುದು 1925ರಲ್ಲಿ. ಅದಕ್ಕೆ ಹಿಂದಿನ ಖಗೋಳ ಲೆಕ್ಕಗಳನ್ನು ಓದುವವರು ಹನ್ನೆರಡು ಗಂಟೆಗಳ ಅಂತರವನ್ನು ಮರೆಯಬಾರದು.

ನಮ್ಮ ಪಂಚಾಂಗದ ವಾರವು ಸೂರ್ಯೋದಯಕ್ಕೆ ಮೊದಲಾಗುತ್ತದೆ. ಅಹೋರಾತ್ರಿಗೆ 60 ಘಳಿಗೆ; ಘಳಿಗೆಗೆ 24 ನಿಮಿಷ. ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗುವುದರೊಳಗೆ ಒಂದು ಘಳಿಗೆಯೆಂದು ಎಣಿಸುತ್ತಿದ್ದರು. ಆರು ಗಂಟೆಗೆ ಸೂರ್ಯೋದಯವಾದ ದಿನ ನಡುರಾತ್ರಿಯೆಂದರೆ 45 ಘಳಿಗೆ ಕಳೆದ ಹೊತ್ತು. ಅಲ್ಲಿ ವಾರವು ಬದಲಾಗುವುದಿಲ್ಲ.

ಶಾಸನಗಳ ಕಾಲನಿರ್ಣಯದಲ್ಲಿ ಈ ಸಂಗತಿಯು ಬಹು ಮುಖ್ಯವಾದುದು. ಗುರುವಾರದ ನಡುರಾತ್ರಿ ಕಳೆದ ಬಳಿಕ ಹಿಡಿದ ಚಂದ್ರಗ್ರಹಣದಲ್ಲಿ ದಾನವಿತ್ತವನು ಶಾಸನದಲ್ಲಿ ಗುರುವಾರವೆಂದೇ ಬರೆಯಿಸುವನು. ಇಂಗ್ಲೀಷು ತಾರೀಖಿನ ಲೆಕ್ಕಕ್ಕೆ ಅದು ಶುಕ್ರವಾರ. ಈ ಒಂದು ದಿನದ ಅಂತರವನ್ನೇ ದೋಷವೆಂದು ಹಿಡಿದು ಸಾಚಾ ಶಾಸನವನ್ನು ಕೂಟಶಾಸನವೆನ್ನುವುದು ಅನ್ಯಾಯ. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಪ್ರಕಟಿಸಿದ ಕೋಷ್ಟಕಗಳಲ್ಲಿ ತಿಥಿಯ ಅಂತ್ಯವನ್ನು ಸೂರ್ಯೋದಯದಿಂದಲೇ ಎಣಿಸಿರುವುದನ್ನು ಇಲ್ಲಿ ನೆನೆಯಬೇಕು.

ಈ ಭೇದವು ಪ್ರಾಚೀನರಿಗೆ ಮಾತ್ರ ಸಂಬಂಧಿಸಿದುದಲ್ಲ. 1947ನೆಯ ಆಗಸ್ಟ್ 15ರ ಶುಕ್ರವಾರವು ನಡುರಾತ್ರಿಗೆ ಮೊದಲಾಗಿ ಭಾರತವು ಸ್ವತಂತ್ರವಾದಾಗ, ಪಂಚಾಂಗದ ರೀತ್ಯಾ ಇನ್ನೂ ಗುರುವಾರವೇ ನಡೆಯುತ್ತಿತ್ತು. ಎರಡು ಲೆಕ್ಕಗಳೂ ತಮ್ಮ ತಮ್ಮ ನೆಲೆಯಲ್ಲಿ ಸರಿಯೇ. ಆದುದರಿಂದ ಚರಿತ್ರೆಯನ್ನು ಬರೆಯುವವರು ಹನ್ನೆರಡು ಗಂಟೆಯೆಂದು ಬಿಡದೆ ನಡುಹಗಲು, ನಡುರಾತ್ರಿ ಎಂದು ಸ್ಪಷ್ಟಪಡಿಸಿ, ರಾತ್ರಿಯ ಘಟನೆಗಳಿಗೆ ಹಿಂದು ಮುಂದಿನ ಎರಡು ತಾರೀಖುಗಳನ್ನೂ ಕೊಡುವುದು ಮೇಲು. ಹಾಗೆ ಮಾಡಿದಲ್ಲಿ ಮುಂದಿನವರು ನಮ್ಮ ಬರಹವನ್ನು ಶಂಕಿಸುವ ಪ್ರಸಂಗವೊದಗದು.