ಶೋಧಯಂತ್ರ ಪ್ರಚಾರ: ತುಮಕೂರು, ಗುಬ್ಬಿ, ಕುಣಿಗಲ್ಲುಗಳ ವಿಶೇಷೋಲ್ಲೇಖದೊಡನೆ

ಅಂತರಜಾಲದಲ್ಲಿ ಒಂದು ವಸ್ತುವನ್ನೋ ವಿಷಯವನ್ನೋ ಅರಸುವವನು ಶೋಧಯಂತ್ರದ ಮುಂದೆ ತನ್ನ ಪ್ರಶ್ನೆಯನ್ನಿಟ್ಟಾಗ, ಉತ್ತರವಾಗಿ ಮೂಡುವ ಪಟ್ಟಿಯಲ್ಲಿ ತನ್ನ ಜಾಲತಾಣವು ಆದಷ್ಟು ಮೇಲೆ ಕಾಣುವಂತೆಯೂ ಆ ಮೂಲಕ ಅಲ್ಲಿಗೆ ಬರುವವರ ಸಂಖ್ಯೆ ಹೆಚ್ಚುವಂತೆಯೂ ವರ್ತಕನು ಮಾಡಿಕೊಳ್ಳುವ ಏರ್ಪಾಟುಗಳೆಲ್ಲಕ್ಕೂ ಒಟ್ಟಾಗಿ ಶೋಧಯಂತ್ರ ಪ್ರಚಾರವೆಂದು ಹೆಸರು. ರೂಢಿಯಲ್ಲಿ ಇದನ್ನು ಸರ್ಚ್ ಇಂಜಿನ್ ಮಾರ್ಕೆಟಿಂಗ್ ಎನ್ನುತ್ತಾರೆ. ಇದಕ್ಕೆ ಎರಡು ಕವಲುಗಳುಂಟು. ಹಣ ತೆರದೆ, ಪುಟದ ಬರಹವನ್ನೂ ರಚನೆಯನ್ನೂ ತಿದ್ದಿ ಸ್ಥಾನವನ್ನು ಗಳಿಸಿಕೊಳ್ಳುವುದು ಒಂದು, ಇದೇ ಎಸ್‌ಇಒ. ಗೊತ್ತಾದ ಶೋಧಪದಗಳಿಗೆ, ಎಂದರೆ ಕೀವರ್ಡುಗಳಿಗೆ, ಹಣ ಕಟ್ಟಿ ಜಾಹೀರಾತನ್ನು ತೋರಿಸುವುದು ಮತ್ತೊಂದು. ಕೇಳದವನ ಕಿವಿಗೂ ಬೀಳುವಂತೆ ಸಾರುತ್ತಿದ್ದ ಜಾಹೀರಾತು, ಕೇಳಿದವನಿಗೆ ಕೊಡುವ ಉತ್ತರವಾಗಿ ಮಾರ್ಪಟ್ಟ ಬಗೆಯೇ ಇದರ ಇತಿಹಾಸದ ತಿರುಳು. ಆ ಪ್ರಶ್ನೆ ಯಾವ ಭಾಷೆಯಲ್ಲಿ, ಯಾವ ಲಿಪಿಯಲ್ಲಿ ಬರುತ್ತದೆಂಬುದೇ ಕನ್ನಡನಾಡಿನಲ್ಲಿ ಅದರ ಗತಿಯನ್ನು ನಿರ್ಧರಿಸಿತು.

ಪೂರ್ವೇತಿಹಾಸ

ತುಮಕೂರು ಸೀಮೆಯಲ್ಲಿ ಜನರನ್ನು ಒಂದೆಡೆಗೆ ಸೆಳೆಯುವ ವಿದ್ಯೆ ಹೊಸದೇನಲ್ಲ. ತಮಟೆ ಬಡಿದು ಊರಿಗೆ ಸುದ್ದಿ ಸಾರುವ ಪದ್ಧತಿ, ವಾರದ ಸಂತೆ, ದನಗಳ ಜಾತ್ರೆ ಇವು ಬಹುಕಾಲದಿಂದ ನಡೆದುಬಂದವು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ (1891–1972) ಹೆಸರಿನೊಡನೆ ಏಕವಾಗಿ ಬೆಳೆದ ಚನ್ನಬಸವೇಶ್ವರ ನಾಟಕ ಸಂಘವು ಪ್ರಚಾರವನ್ನು ಒಂದು ಕಲೆಯ ಮಟ್ಟಕ್ಕೇರಿಸಿದ ಕಂಪನಿ ನಾಟಕಗಳ ಪರಂಪರೆಗೆ ಸೇರಿದ್ದು. ಬಣ್ಣಬಣ್ಣದ ಕರಪತ್ರಗಳು, ವಾದ್ಯಮೇಳದೊಡನೆ ಬೀದಿ ಸುತ್ತುವ ಗಾಡಿ, ಗೋಡೆಗಂಟಿಸಿದ ಭಿತ್ತಿಪತ್ರ ಇವು ಆ ಪರಂಪರೆಯ ಸಾಧನಗಳು. 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದುದು ಪ್ರದರ್ಶನವಾಗಿದ್ದಂತೆ ಪ್ರಚಾರವೂ ಆಗಿತ್ತು. 1967ರಲ್ಲಿ ವಿವಿಧಭಾರತಿಯಲ್ಲಿ ವಾಣಿಜ್ಯ ಪ್ರಸಾರ ಮೊದಲಾದ ಮೇಲೆ ಸಾರಿಕೆಯು ಮನೆಯೊಳಕ್ಕೂ ಬಂದಿತು.

ಈ ಸಾಧನಗಳೆಲ್ಲಕ್ಕೂ ಸಮಾನವಾದ ಒಂದು ಲಕ್ಷಣವಿದೆ: ಕರಪತ್ರ ಕೈಗೆ ಬಂದವರಲ್ಲಿ ನಾಟಕ ನೋಡಬೇಕೆಂದಿದ್ದವರು ಎಷ್ಟು ಮಂದಿ ಎಂಬುದು ಹಂಚಿದವನಿಗೆ ತಿಳಿಯುತ್ತಿರಲಿಲ್ಲ. ಕೊಳ್ಳುವವನೇ ಮೊದಲು ಹುಡುಕಿಕೊಂಡು ಬರುವ ಪದ್ಧತಿಯ ಪೂರ್ವರೂಪ ದೊರೆಯುವುದು ದೂರವಾಣಿ ಕೈಪಿಡಿಯ ಹಳದಿ ಪುಟಗಳಲ್ಲಿ. 1996ರಲ್ಲಿ ಮುಂಬಯಿಯಲ್ಲಿ ವಿ. ಎಸ್. ಎಸ್. ಮಣಿ ಅವರು ಆರಂಭಿಸಿದ ಜಸ್ಟ್ ಡಯಲ್ ಸಂಸ್ಥೆ ಇದನ್ನೇ ಫೋನಿನ ಸೇವೆಯಾಗಿ ಮಾರ್ಪಡಿಸಿತು. ಕರೆ ಮಾಡಿದವನು ಕೇಳಿದ ಕಸುಬಿನವರ ಹೆಸರನ್ನು ಹೇಳುವುದು, ಹಣ ಕೊಟ್ಟ ವರ್ತಕನ ಹೆಸರಿಗೆ ಪ್ರಾಶಸ್ತ್ಯ ಕೊಡುವುದು ಎಂಬ ಅದರ ಕ್ರಮದಲ್ಲಿ ಮುಂದಿನ ಶೋಧ ಜಾಹೀರಾತಿನ ಬೀಜವನ್ನು ಕಾಣಬಹುದು.

ಉಗಮ ಮತ್ತು ಹರಾಜಿನ ಕ್ರಮ

1990ರಲ್ಲಿ ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಅಲನ್ ಎಮ್‌ಟೇಜ್ ರೂಪಿಸಿದ ‘ಆರ್ಚಿ’ಯನ್ನು ಅಂತರಜಾಲದ ಮೊದಲ ಶೋಧಸಾಧನವೆಂದು ಎಣಿಸುವುದು ವಾಡಿಕೆ. 1994–95ರಲ್ಲಿ ಯಾಹೂ, ಲೈಕೋಸ್, ಆಲ್ಟಾವಿಸ್ಟಾಗಳು ಬಂದವು. ಆ ಕಾಲದ ಯಂತ್ರಗಳು ಪುಟದಲ್ಲಿ ಒಂದು ಪದ ಎಷ್ಟು ಬಾರಿ ಬಂದಿದೆಯೆಂಬುದನ್ನೇ ಬಹುಮಟ್ಟಿಗೆ ಆಧರಿಸುತ್ತಿದ್ದುದರಿಂದ, ಒಂದೇ ಪದವನ್ನು ನೂರಾರು ಸಲ ತುಂಬುವುದು, ಬಿಳಿಯ ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳನ್ನು ಅಡಗಿಸುವುದು ಮೊದಲಾದ ಕುಯುಕ್ತಿಗಳು ಬಳಕೆಗೆ ಬಂದವು. 1998ರಲ್ಲಿ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಎಂಬ ಸ್ಟ್ಯಾನ್‌ಫರ್ಡಿನ ಸಂಶೋಧನ ವಿದ್ಯಾರ್ಥಿಗಳು ಸ್ಥಾಪಿಸಿದ ಗೂಗಲ್, ಒಂದು ಪುಟಕ್ಕೆ ಇತರ ಪುಟಗಳಿಂದ ಬರುವ ಕೊಂಡಿಗಳನ್ನು ಅದರ ಯೋಗ್ಯತೆಗೆ ಸಾಕ್ಷಿಯೆಂದು ಗಣಿಸುವ ಪೇಜ್‌ರ್‍ಯಾಂಕ್ ವಿಧಾನದಿಂದ ಈ ದೋಷವನ್ನು ಪರಿಹರಿಸಲು ಹೊರಟಿತು.

ಶೋಧಪದವನ್ನು ಹರಾಜಿಗಿಡುವ ಪದ್ಧತಿಯನ್ನು ಯಶಸ್ವಿಯಾಗಿ ನಡೆಸಿ ತೋರಿಸಿದವನು ಬಿಲ್ ಗ್ರಾಸ್. ಅವನು 1998ರಲ್ಲಿ ತೆರೆದ ಗೋಟು ಡಾಟ್ ಕಾಮ್‌ನಲ್ಲಿ ಹೆಚ್ಚು ಬೆಲೆ ಕೂಗಿದವನ ತಾಣ ಮೇಲಿರುತ್ತಿತ್ತು, ಕೂಗಿದ ಬೆಲೆಯೂ ಪಕ್ಕದಲ್ಲಿಯೇ ಕಾಣುತ್ತಿತ್ತು. ಓದುಗನು ಕ್ಲಿಕ್ ಮಾಡಿದಾಗ ಮಾತ್ರ ವರ್ತಕನಿಗೆ ಖರ್ಚು. 2001ರಲ್ಲಿ ಓವರ್ಚರ್ ಎಂದು ಹೆಸರಾದ ಈ ಸಂಸ್ಥೆಯನ್ನು 2003ರಲ್ಲಿ ಯಾಹೂ ಕೊಂಡಿತು. ಗೂಗಲ್ 2000ದ ಅಕ್ಟೋಬರಿನಲ್ಲಿ 350 ಜಾಹೀರಾತುದಾರರೊಡನೆ ಆ್ಯಡ್‌ವರ್ಡ್ಸ್ ಆರಂಭಿಸಿದಾಗ, ಎಷ್ಟು ಸಾವಿರ ಬಾರಿ ಜಾಹೀರಾತು ಕಂಡಿತೆಂಬ ಲೆಕ್ಕದ ಮೇಲೆ ಹಣ ಪಡೆಯುತ್ತಿತ್ತು. 2002ರ ಫೆಬ್ರವರಿಯಲ್ಲಿ ಅದೂ ಕ್ಲಿಕ್ಕಿನ ಲೆಕ್ಕಕ್ಕೆ ತಿರುಗಿತಾದರೂ, ಕೂಗಿದ ಬೆಲೆಯ ಜೊತೆಗೆ ಜಾಹೀರಾತನ್ನು ಜನ ಎಷ್ಟರ ಮಟ್ಟಿಗೆ ಒತ್ತುತ್ತಾರೆಂಬುದನ್ನೂ ಗಣನೆಗೆ ತಂದುಕೊಂಡಿತು. 2018ರಲ್ಲಿ ಇದಕ್ಕೆ ಗೂಗಲ್ ಆ್ಯಡ್ಸ್ ಎಂಬ ಹೆಸರಾಯಿತು.

ತಿಪಟೂರಿನ ಕೊಬ್ಬರಿ ಹರಾಜಿನಲ್ಲಿ ಹೆಚ್ಚು ಬೆಲೆ ಹೇಳಿದವನಿಗೆ ಮಾಲು ಸಲ್ಲುತ್ತದೆ, ಇಲ್ಲಿ ಹಾಗಲ್ಲ. ತುಮಕೂರಿನ ಕಲ್ಯಾಣಮಂಟಪವೆಂಬ ಶೋಧಪದಕ್ಕೆ ಇಬ್ಬರು ಸ್ಪರ್ಧಿಸುತ್ತಾರೆಂದು ಭಾವಿಸೋಣ. ಮೊದಲನೆಯವನು ಕ್ಲಿಕ್ಕಿಗೆ 20 ರೂಪಾಯಿ ಹೇಳುತ್ತಾನೆ, ಆದರೆ ಅವನ ಪುಟದಲ್ಲಿ ಬಾಡಿಗೆಯ ವಿವರವಾಗಲಿ ಊಟದ ಹಾಲಿನ ಅಳತೆಯಾಗಲಿ ಇಲ್ಲದ್ದರಿಂದ ಅವನ ಗುಣಾಂಕ, ಎಂದರೆ ಜಾಹೀರಾತು ಪ್ರಶ್ನೆಗೆ ಎಷ್ಟು ಹೊಂದುತ್ತದೆಂಬುದಕ್ಕೆ ಗೂಗಲ್ ಕೊಡುವ ಅಂಕ, 4; ಎರಡನೆಯವನು 12 ರೂಪಾಯಿ ಹೇಳುತ್ತಾನೆ, ವಿವರಗಳೆಲ್ಲ ಸ್ಪಷ್ಟವಾಗಿರುವುದರಿಂದ ಗುಣಾಂಕ 8. ಬೆಲೆಯನ್ನು ಗುಣಾಂಕದಿಂದ ಗುಣಿಸಿದರೆ ಮೊದಲನೆಯವನಿಗೆ 80, ಎರಡನೆಯವನಿಗೆ 96. ಮೇಲಿನ ಸ್ಥಾನ ಕಡಮೆ ಹೇಳಿದವನಿಗೆ. ಅವನು ತೆರಬೇಕಾದುದೂ 12 ರೂಪಾಯಿಯಲ್ಲ, ಕೆಳಗಿನವನ 80ನ್ನು ತನ್ನ 8ರಿಂದ ಭಾಗಿಸಿದಾಗ ಬರುವ 10 ರೂಪಾಯಿಗಿಂತ ತುಸು ಮೇಲೆ. ಇಂದಿನ ಲೆಕ್ಕಾಚಾರ ಇದಕ್ಕಿಂತ ಜಟಿಲವಾಗಿದ್ದರೂ ತತ್ತ್ವ ಇದೇ: ಹಣವೊಂದರಿಂದಲೇ ಅಗ್ರಸ್ಥಾನ ಸಿಕ್ಕದು, ಪ್ರಶ್ನೆಗೆ ಹೊಂದದ ಜಾಹೀರಾತು ತನ್ನ ಒಡೆಯನಿಗೇ ದುಬಾರಿಯಾಗುತ್ತದೆ.

ಭಾರತ ಮತ್ತು ಕನ್ನಡ

ಭಾರತದಲ್ಲಿ ಅಂತರಜಾಲ ಸೇವೆ ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ರಾಜೇಶ್ ಜೈನ್ ಅವರ ಇಂಡಿಯಾವರ್ಲ್ಡ್ ಸಮೂಹಕ್ಕೆ ಸೇರಿದ ‘ಖೋಜ್’ ದೇಶದ ಮೊದಲ ಶೋಧತಾಣಗಳಲ್ಲೊಂದು. ಆ ಸಮೂಹವನ್ನು 1999ರಲ್ಲಿ ಸತ್ಯಂ ಇನ್ಫೋವೇ 499 ಕೋಟಿ ರೂಪಾಯಿಗೆ ಕೊಳ್ಳಲು ಒಪ್ಪಿದ್ದು ಅಂದು ಬಹು ದೊಡ್ಡ ಸುದ್ದಿಯಾಗಿತ್ತು. ಗೂಗಲ್ 2004ರಲ್ಲಿ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. 2006ರಲ್ಲಿ ಬೆಂಗಳೂರಿನಿಂದಲೇ ಹೊರಟ ‘ಗುರೂಜಿ’ ಎಂಬ ದೇಶೀಯ ಶೋಧಯಂತ್ರ ಹೆಚ್ಚು ಕಾಲ ಬಾಳಲಿಲ್ಲ.

ಕನ್ನಡದ ಪಾಲಿಗೆ ಆರಂಭದ ತೊಡಕು ವ್ಯಾಪಾರದ್ದಲ್ಲ, ಅಕ್ಷರದ್ದು. ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ವನ್ನು ಆರಂಭಿಸಿದ ಕಾಲದಿಂದ ಮುಂದೆ ಹಲವು ವರ್ಷ, ಕನ್ನಡ ಪುಟಗಳು ಒಂದೊಂದು ಅಕ್ಷರಶೈಲಿಯನ್ನು ನೆಚ್ಚಿಕೊಂಡಿದ್ದವು. ಈ ಫಾಂಟುಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗುತ್ತಿದ್ದುದರಿಂದ, ಮನುಷ್ಯನ ಕಣ್ಣಿಗೆ ‘ಅಡಿಕೆ’ ಎಂದು ಕಾಣುತ್ತಿದ್ದುದು ಶೋಧಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪಾಗಿ ತೋರುತ್ತಿತ್ತು. ಹೀಗೆ ಪತ್ರಿಕೆಗಳ ಸಾವಿರಾರು ಪುಟಗಳು ಜಾಲದಲ್ಲಿ ಇದ್ದೂ ಶೋಧಕ್ಕೆ ಇಲ್ಲದಂತಾಗಿದ್ದವು. ಪ್ರತಿ ಲಿಪಿಯ ಅಕ್ಷರಕ್ಕೂ ಪ್ರತ್ಯೇಕ ಸಂಕೇತವನ್ನು ಮೀಸಲಿಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನವಿದ್ದರೂ, ಅದರ ಬೆಂಬಲ ಸಾಮಾನ್ಯ ಗಣಕಗಳಲ್ಲಿ ದೊರೆತದ್ದು 2001ರ ವಿಂಡೋಸ್ ಎಕ್ಸ್‌ಪಿಯ ತರುವಾಯ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ, ಕ್ರಮೇಣ ಯೂನಿಕೋಡಿಗೆ ಬಂದ ದಿನಪತ್ರಿಕೆಗಳೂ ಕನ್ನಡವನ್ನು ಹುಡುಕಿದರೆ ಸಿಗುವ ಭಾಷೆಯನ್ನಾಗಿ ಮಾಡಿದವು. 2011ರಲ್ಲಿ ಗೂಗಲ್ ಅನುವಾದಕ್ಕೂ 2017ರ ಆಗಸ್ಟಿನಲ್ಲಿ ಧ್ವನಿಶೋಧಕ್ಕೂ ಕನ್ನಡ ಸೇರಿತು. ಇವೆರಡರ ನಡುವೆ, 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮೊಬೈಲ್ ಡೇಟಾ ಅಗ್ಗವಾಯಿತು. ಜಾಹೀರಾತಿನಲ್ಲಿ ಮಾತ್ರ ಭಾಷೆಗಳ ಪ್ರವೇಶ ನಿಧಾನವಾಯಿತು: ಗೂಗಲ್ಲಿನ ಜಾಹೀರಾತು ಜಾಲಕ್ಕೆ ಹಿಂದಿ 2014ರಲ್ಲಿ, ಬಂಗಾಳಿ 2017ರಲ್ಲಿ, ತಮಿಳು 2018ರಲ್ಲಿ ಸೇರಿದವು, ಕನ್ನಡದ ಸರದಿ ಇವುಗಳ ಅನಂತರದ್ದು.

ಶೋಧಫಲವೇ ನಾಡಿನ ಕೋಪಕ್ಕೆ ಗುರಿಯಾದ ಪ್ರಸಂಗವೂ ನಡೆಯಿತು. ಭಾರತದ ಅತಿ ಕುರೂಪದ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ಯಾವುದೋ ಒಂದು ಜಾಲಪುಟವನ್ನು ನೆಚ್ಚಿ ಕನ್ನಡದ ಹೆಸರನ್ನು ತೋರಿಸುತ್ತಿದ್ದುದು 2021ರ ಜೂನಿನಲ್ಲಿ ಬೆಳಕಿಗೆ ಬಂದು, ಸರ್ಕಾರವೂ ಸಾರ್ವಜನಿಕರೂ ಪ್ರತಿಭಟಿಸಿದ ಮೇಲೆ ಸಂಸ್ಥೆ ಕ್ಷಮೆ ಕೇಳಿತು. ಮೊದಲ ಸ್ಥಾನದಲ್ಲಿರುವುದು ಸತ್ಯವೇ ಆಗಿರಬೇಕಿಲ್ಲ, ಆ ಪ್ರಶ್ನೆಯ ಮಾತುಗಳಿಗೆ ಹೊಂದುವಂತೆ ಬರೆದ ಪುಟವಾಗಿದ್ದರೂ ಸಾಕು ಎಂಬುದು ಇದರಿಂದ ಜನಸಾಮಾನ್ಯರಿಗೂ ಮನವರಿಕೆಯಾಯಿತು.

ತುಮಕೂರು ಸೀಮೆಯಲ್ಲಿ

ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು ದೂರದ ತುಮಕೂರು ನಗರ, ಅಲ್ಲಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರಿನಲ್ಲಿರುವ ಗುಬ್ಬಿ, ಬೆಂಗಳೂರು–ಮಂಗಳೂರು ಹೆದ್ದಾರಿಯ ಕುಣಿಗಲ್ಲು ಈ ಮೂರರ ಅಗತ್ಯಗಳು ಬೇರೆಬೇರೆ. ತುಮಕೂರಿನದು ವಿದ್ಯೆ ಮತ್ತು ಉದ್ಯಮಗಳ ನೆಲೆ: 1963ರ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ, 2004ರ ತುಮಕೂರು ವಿಶ್ವವಿದ್ಯಾನಿಲಯ, ವಸಂತನರಸಾಪುರದ ಕೈಗಾರಿಕಾ ಪ್ರದೇಶ ಇಲ್ಲಿವೆ. ಪರೀಕ್ಷೆಯ ಫಲಿತಾಂಶ ಬರುವ ತಿಂಗಳುಗಳಲ್ಲಿ ಕಾಲೇಜು ಪ್ರವೇಶಕ್ಕೆ ಸಂಬಂಧಿಸಿದ ಶೋಧಪದಗಳ ಬೆಲೆ ಏರುವುದು ಇಂಥ ಊರುಗಳ ಸಾಮಾನ್ಯ ಅನುಭವ. ಗುಬ್ಬಿಯದು ತೆಂಗು ಅಡಿಕೆಗಳ ನಾಡು; ಅಲ್ಲಿನ ಬೆಳೆಗಾರನು ಶೋಧಿಸುವುದು ಅಂದಂದಿನ ಧಾರಣೆಯನ್ನು, ಅದಕ್ಕೆ ಸರ್ಕಾರದ ಕೃಷಿ ಮಾರಾಟ ವಾಹಿನಿ ತಾಣವುಂಟು. ಆ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಮೇಲೆ ಮನೆ, ನಿವೇಶನ, ಉದ್ಯೋಗಗಳಿಗೆ ಸೇರಿದ ಪದಗಳೂ ಊರಿನ ಹೆಸರಿನೊಡನೆ ಕೂಡಿಕೊಳ್ಳುವುದು ಸಹಜ. ಕುಣಿಗಲ್ಲಿನಲ್ಲಿ ಹೆಸರಾಂತ ಕುದುರೆಫಾರಂ, ಹುತ್ರಿದುರ್ಗದ ಬೆಟ್ಟ, ಯಡಿಯೂರಿನ ಸಿದ್ಧಲಿಂಗೇಶ್ವರ ಕ್ಷೇತ್ರಗಳನ್ನು ಅರಸುವವರು ಬಹುಪಾಲು ಪರಸ್ಥಳದವರು, ಹಾದಿಯಲ್ಲಿರುವವರು, ಕೈಯಲ್ಲಿ ಮೊಬೈಲು ಹಿಡಿದವರು.

ಇಂಥ ಸಣ್ಣ ಊರುಗಳಲ್ಲಿ ಪ್ರಚಾರದ ಕುಶಲತೆಯೆಲ್ಲ ಶೋಧಪದದ ಆಯ್ಕೆಯಲ್ಲಿದೆ. 2014ರ ನವೆಂಬರ್ 1ರಂದು ತುಮಕೂರೆಂಬ ಉಚ್ಚಾರಣೆಗೆ ಅನುಗುಣವಾಗಿ ಊರಿನ ಇಂಗ್ಲಿಷ್ ಕಾಗುಣಿತ ಬದಲಾದರೂ ಹಳೆಯ ‘ತುಮ್ಕೂರ್’ ರೂಪವನ್ನೇ ಟೈಪು ಮಾಡುವವರು ಇರುವುದರಿಂದ ಎರಡನ್ನೂ ಕೊಳ್ಳಬೇಕು. ಗುಬ್ಬಿಯೆಂಬ ಒಂಟಿ ಪದವನ್ನು ಕೊಂಡವನ ಹಣವನ್ನು ಗುಬ್ಬಚ್ಚಿಯ ಚಿತ್ರ ಹುಡುಕುವ ಶಾಲಾ ಮಕ್ಕಳೂ ಕರಗಿಸಿಯಾರು. ಆದುದರಿಂದ ಹಕ್ಕಿ, ಗೂಡು ಎಂಬಂಥವನ್ನು ನೆಗೆಟಿವ್ ಕೀವರ್ಡುಗಳೆಂದು ಮುಂಚೆಯೇ ಹೊರಗಿಡುತ್ತಾರೆ. ಹೆದ್ದಾರಿಯ ಹೋಟೆಲಿನವನು ಊರಿನ ಹೆಸರಿಗಿಂತ ಸುತ್ತಳತೆಯನ್ನು ನೆಚ್ಚುತ್ತಾನೆ: ತನ್ನ ಬಾಗಿಲಿಂದ ಇಷ್ಟು ಕಿಲೋಮೀಟರಿನೊಳಗೆ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ, ಊಟವನ್ನು ಅರಸುವವರಿಗೆ ಮಾತ್ರ ಜಾಹೀರಾತು ಕಾಣಲಿ ಎಂದು ಗೊತ್ತುಮಾಡಬಹುದು. ಕ್ಯಾತಸಂದ್ರದ ತಟ್ಟೆ ಇಡ್ಲಿಯಂತೆ ಹೆಸರೇ ಜನರನ್ನು ಕರೆತರುವ ಪದಾರ್ಥಕ್ಕೆ ಹಣದ ಜಾಹೀರಾತಿಗಿಂತಲೂ, ಗೂಗಲ್ ಉಚಿತವಾಗಿ ಒದಗಿಸುತ್ತಿರುವ ವ್ಯಾಪಾರ ವಿವರದ ಪುಟದಲ್ಲಿ ಬಾಗಿಲು ತೆರೆಯುವ ವೇಳೆ, ದೂರವಾಣಿ, ನಕ್ಷೆಯ ಗುರುತು ಇವು ಸರಿಯಾಗಿರುವುದೇ ಹೆಚ್ಚು ಪ್ರಯೋಜನಕಾರಿ.

ನಿಯಂತ್ರಣ

ಹಣ ತೆತ್ತ ಫಲಿತಾಂಶವನ್ನು ಬೇರೆಯೆಂದು ಗುರುತಿಸಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿಯೇ ಶೋಧಸಂಸ್ಥೆಗಳಿಗೆ ತಿಳಿಸಿತು. ಕೊಂಡಿಗಳನ್ನು ಕೊಂಡು, ಹುರುಳಿಲ್ಲದ ಪುಟಗಳನ್ನು ತುಂಬಿ ಮೇಲೇರುತ್ತಿದ್ದವರನ್ನು ಗೂಗಲ್ಲಿನ ‘ಪಾಂಡಾ’ (2011) ಮತ್ತು ‘ಪೆಂಗ್ವಿನ್’ (2012) ಎಂಬ ಪರಿಷ್ಕರಣಗಳು ಕೆಳಕ್ಕೆ ತಳ್ಳಿದವು. ಭಾರತದಲ್ಲಿ, ಭ್ರೂಣಲಿಂಗ ಪತ್ತೆಯ ಜಾಹೀರಾತುಗಳ ವಿಷಯವಾಗಿ ಸಾಬು ಮ್ಯಾಥ್ಯೂ ಜಾರ್ಜ್ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಗೂಗಲ್, ಯಾಹೂ, ಮೈಕ್ರೋಸಾಫ್ಟ್‌ಗಳಿಗೆ ಅಂಥ ಶೋಧಪದಗಳನ್ನು ತಡೆಯುವಂತೆ ನಿರ್ದೇಶಿಸಿತು. ಭಾರತೀಯ ಸ್ಪರ್ಧಾ ಆಯೋಗವು 2018ರ ಫೆಬ್ರವರಿಯಲ್ಲಿ ಶೋಧಫಲದ ಪಕ್ಷಪಾತಕ್ಕಾಗಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತು. ಪರರ ವ್ಯಾಪಾರಮುದ್ರೆಯನ್ನು ಶೋಧಪದವಾಗಿ ಮಾರುವ ಪ್ರಶ್ನೆಯನ್ನು ದೆಹಲಿ ಉಚ್ಚ ನ್ಯಾಯಾಲಯ 2023ರಲ್ಲಿ ವಿಚಾರಿಸಿ, ಗ್ರಾಹಕನಿಗೆ ಭ್ರಮೆಯುಂಟಾದಲ್ಲಿ ಶೋಧಸಂಸ್ಥೆಯೂ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲವೆಂದಿತು. ವಕೀಲರು ಕಕ್ಷಿಗಾರರನ್ನು ಜಾಹೀರಾತಿನ ಮೂಲಕ ಸೆಳೆಯುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುವುದರಿಂದ, ತುಮಕೂರಿನ ನ್ಯಾಯಾಲಯದ ಎದುರಿನ ಕಚೇರಿಗಳು ಈ ಮಾರ್ಗವನ್ನು ಹಿಡಿಯುವಂತಿಲ್ಲ.

ಈಚಿನ ಬೆಳವಣಿಗೆ

2024ರ ಆಗಸ್ಟಿನಲ್ಲಿ ಎರಡು ಘಟನೆಗಳು ಒಟ್ಟಿಗೆ ಬಂದವು: ಶೋಧಕ್ಷೇತ್ರದಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯವನ್ನು ಕಾಪಾಡಿಕೊಂಡಿದೆಯೆಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ತೀರ್ಪಿತ್ತರು, ಅದೇ ತಿಂಗಳು ಶೋಧಫಲದ ನೆತ್ತಿಯ ಮೇಲೆ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವನ್ನು ತೋರಿಸುವ ಪದ್ಧತಿ ಭಾರತಕ್ಕೂ ಬಂದಿತು. ಪ್ರಶ್ನೆಗೆ ಉತ್ತರ ಅಲ್ಲಿಯೇ ದೊರೆತರೆ ಕೆಳಗಿನ ಕೊಂಡಿಯನ್ನು ಒತ್ತುವ ಅಗತ್ಯ ಬೀಳದೆ ಹೋಗಬಹುದಾದ್ದರಿಂದ, ಕ್ಲಿಕ್ಕಿಗೆ ಬೆಲೆ ಕಟ್ಟಿ ಕಾಲು ಶತಮಾನ ಬೆಳೆದ ಈ ವ್ಯಾಪಾರದ ತಳಹದಿಯೇ ಪರಿಶೀಲನೆಗೆ ಒಳಗಾಗಿದೆ. ಆದರೆ ಯಂತ್ರ ಬರೆಯುವ ಸಾರಾಂಶಕ್ಕೂ ಯಾರೋ ಬರೆದಿಟ್ಟ ಪುಟವೇ ಆಧಾರ. ತನ್ನ ಊರಿನ ವಿವರಗಳನ್ನು ಯೂನಿಕೋಡ್ ಕನ್ನಡದಲ್ಲಿ ತಪ್ಪಿಲ್ಲದೆ ಬರೆದಿಟ್ಟಿರುವ ಗುಬ್ಬಿಯ ವರ್ತಕನಿಗೆ ಹಳೆಯ ಕ್ರಮದಲ್ಲಿ ಆ ಬರಹ ಗುಣಾಂಕವನ್ನು ತಂದುಕೊಡುತ್ತಿತ್ತು; ಹೊಸ ಕ್ರಮದಲ್ಲಿಯೂ ಅವನ ಹೆಸರು ಉತ್ತರದೊಳಗೆ ಬರಬೇಕಾದರೆ ಇರುವ ಆಧಾರ ಅದೇ.