ಅಂತರ್ಜಾಲದ ಟೀಕೆ: ಸಣ್ಣ ಉದ್ದಿಮೆದಾರರ ಮುಂದಿರುವ ದಾರಿ

ಬಳ್ಳಾರಿ ನಗರದ ಜೀನ್ಸ್ ಹೊಲಿಗೆಯವರಾಗಲಿ, ಸಿರುಗುಪ್ಪದ ಟ್ರ್ಯಾಕ್ಟರ್ ದುರಸ್ತಿಗಾರರಾಗಲಿ, ಕುರುಗೋಡಿನ ದೊಡ್ಡಬಸವೇಶ್ವರನ ಭಕ್ತರನ್ನು ನಂಬಿದ ಖಾನಾವಳಿಯವರಾಗಲಿ ಗೂಗಲ್ ನಕ್ಷೆಯ ನಕ್ಷತ್ರಗಳನ್ನು ಕಡೆಗಣಿಸುವಂತಿಲ್ಲ. ಪೆಟ್ಟು ಹೆಚ್ಚು ಬೀಳುವುದು ಸಣ್ಣವರಿಗೇ. ನಾಲ್ವರು ಐದು ನಕ್ಷತ್ರ ನೀಡಿದ ಅಂಗಡಿಗೆ ಐದನೆಯವರು ಒಂದೇ ನೀಡಿದರೆ ಸರಾಸರಿ 4.2ಕ್ಕೆ ಕುಸಿಯುತ್ತದೆ, ಅಂತಹ ನೂರು ಮೆಚ್ಚುಗೆಯಿರುವಲ್ಲಿ ಅದೇ ಟೀಕೆಯಿಂದ ಸರಾಸರಿ 4.96ರಷ್ಟಿರುತ್ತದೆ.

ಮಾಲೀಕರು ಮೊದಲು ಗೂಗಲ್‌ನಲ್ಲಿ ತಮ್ಮ ಅಂಗಡಿಯ ಒಡೆತನವನ್ನು ದೃಢಪಡಿಸಿಕೊಳ್ಳಬೇಕು. ಆನಂತರವೇ ಉತ್ತರಿಸಲು ಅವಕಾಶ. ಬರೆಯುವ ಮುನ್ನ ಬಿಲ್ ಪುಸ್ತಕ ನೋಡಿ, ಕೆಲಸಗಾರರನ್ನು ವಿಚಾರಿಸುವುದು ಒಳಿತು. ದೂರು ನಿಜವಾಗಿದ್ದರೆ ಒಪ್ಪಿಕೊಂಡು, ಸರಿಪಡಿಸುವ ಬಗೆಯನ್ನು ಎರಡು ಮೂರು ಸಾಲುಗಳಲ್ಲಿ ತಿಳಿಸಿದರೆ ಸಾಕು. ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲೇ ಉತ್ತರಿಸುವುದು ಸೌಜನ್ಯ. ಗ್ರಾಹಕರ ದೂರವಾಣಿ ಸಂಖ್ಯೆಯನ್ನಾಗಲಿ ಬಾಕಿಯ ವಿವರವನ್ನಾಗಲಿ ಬಹಿರಂಗಪಡಿಸಕೂಡದು. ಆ ಉತ್ತರವನ್ನು ಓದುವವರು ಟೀಕಿಸಿದವರಷ್ಟೇ ಅಲ್ಲ, ನಾಳೆ ಬರಲಿರುವ ಗ್ರಾಹಕರೂ ಹೌದು.

ಅಸಭ್ಯ ಅಥವಾ ನಕಲಿ ಬರಹವಿದ್ದರೆ ಗೂಗಲ್‌ಗೆ ವರದಿ ಮಾಡಬಹುದು. ಹಿಡಿಸಲಿಲ್ಲವೆಂಬ ಕಾರಣಕ್ಕೆ ಅದು ಅಳಿಸುವುದಿಲ್ಲ. ರಿಯಾಯಿತಿಯ ಆಸೆ ತೋರಿಸಿ ಟೀಕೆ ತೆಗೆಸುವುದು, ಹೊಗಳಿಕೆ ಬರೆಸುವುದು ಎರಡೂ ಅದರ ನಿಯಮಕ್ಕೆ ವಿರುದ್ಧ. ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗಾಗಿ ಐಎಸ್ 19000 ಎಂಬ ಮಾನಕವನ್ನು 2022ರ ನವೆಂಬರ್‌ನಲ್ಲಿ ಹೊರತಂದಾಗ ಅದನ್ನು ಐಚ್ಛಿಕವಾಗಿರಿಸಿತು.

ಮಾನಹಾನಿ ಮೊಕದ್ದಮೆಯ ದಾರಿಯೂ ಉಂಟು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅನ್ವಯಿಸುತ್ತದೆ. ಆದರೆ ಸಾರ್ವಜನಿಕ ಹಿತಕ್ಕಾಗಿ ಆಡಿದ ಸತ್ಯಕ್ಕೆ ಅಲ್ಲಿ ವಿನಾಯಿತಿಯಿದೆ. ಹರಿದ ಹೊಲಿಗೆಯ ಛಾಯಾಚಿತ್ರ ಗ್ರಾಹಕರ ಕೈಯಲ್ಲಿದ್ದರೆ ವಕೀಲರ ಶುಲ್ಕ ವ್ಯರ್ಥವಾದೀತು.