ಇಲ್ಲದ ಕೈಯ ನೋವು

ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಒಂದು ಪತ್ರವನ್ನೂ ಜೊತೆಗೆ ಒಬ್ಬ ಭಾರತೀಯನ ಚಿತ್ರವನ್ನೂ ಅಚ್ಚು ಹಾಕಿತು. ಆತನ ಹೆಸರು ಕಾವಸ್‌ಜಿ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುವ ಆಳಾಗಿದ್ದ ಆತ 1792ರಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆ ಸಿಕ್ಕ. ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ವರ್ಷಕ್ಕೂ ಮೇಲೆ ಮೂಗಿಲ್ಲದೆ ಬದುಕಿದವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗು ಕೂರಿಸಿದ. ತೆಳುವಾದ ಮೇಣದ ಹಾಳೆಯಲ್ಲಿ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿದ. ರಕ್ತ ಹರಿಯಲೆಂದು ಹುಬ್ಬುಗಳ ನಡುವೆ ಸಣ್ಣ ಪಟ್ಟಿಯೊಂದನ್ನು ಕತ್ತರಿಸದೆ ಬಿಟ್ಟ. ಸುಮಾರು 25ನೇ ದಿನ ಅದನ್ನೂ ಬಿಡಿಸಿದ.

ಈ ಪತ್ರವನ್ನು ಓದಿದ ಇಂಗ್ಲೆಂಡಿನ ವೈದ್ಯರು ದಂಗಾದರು. ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಇದೇ ಕ್ರಮವನ್ನು ಅಲ್ಲಿ ಮಾಡಿ ತೋರಿಸಿದ. ಇಂದಿಗೂ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಬರೆಯುವವರು ಕಾವಸ್‌ಜಿಯ ಮೂಗನ್ನು ಮರೆಯುವುದಿಲ್ಲ. ಆದರೆ ಆತನ ಕೈ? ಹೋದ ಕೈ ಆತನಿಗೆ ನೋಯುತ್ತಿತ್ತೇ ಎಂದು ಯಾರೂ ಕೇಳಿ ಬರೆದಿಡಲಿಲ್ಲ. ದುರಸ್ತಿ ಮಾಡಬಹುದಾದ ಅಂಗಕ್ಕೆ ಸಿಕ್ಕ ಮರ್ಯಾದೆ ಕಣ್ಣಿಗೆ ಕಾಣದ ನೋವಿಗೆ ಸಿಗಲಿಲ್ಲ.

ಇಲ್ಲದ ಕೈ ನೋಯುವುದೆಂದರೇನು? ಕೈ ಅಥವಾ ಕಾಲು ಕಳೆದುಕೊಂಡ ಬಹುತೇಕ ಎಲ್ಲರಿಗೂ ಅದು ಇನ್ನೂ ಇದೆ ಎನಿಸುತ್ತದೆ. ಹೋದ ಹೆಬ್ಬೆರಳಿನಲ್ಲಿ ತುರಿಕೆ, ಹೋದ ಅಂಗಾಲಿನಲ್ಲಿ ಉರಿ. ಮುಷ್ಟಿ ಬಿಗಿಯಾಗಿ ಮುಚ್ಚಿಕೊಂಡು ಉಗುರು ಅಂಗೈಗೆ ನಾಟಿದಂತೆ ಆಗುತ್ತದೆ. ಬಿಚ್ಚೋಣವೆಂದರೆ ಕೈಯೇ ಇಲ್ಲ! ಅರ್ಧಕ್ಕೂ ಹೆಚ್ಚು ಮಂದಿಗೆ ಇದು ನೋವಾಗಿಯೇ ಕಾಡುತ್ತದೆ.

ಫ್ರಾನ್ಸಿನ ಸೇನಾ ಶಸ್ತ್ರವೈದ್ಯ ಆಂಬ್ರೋಯಿಸ್ ಪಾರೆ 16ನೇ ಶತಮಾನದಲ್ಲಿಯೇ ಇದನ್ನು ಗುರುತಿಸಿದ್ದ. 1797ರಲ್ಲಿ ಬಲಗೈ ಕಳೆದುಕೊಂಡ ನೌಕಾ ಸೇನಾನಿ ನೆಲ್ಸನ್, ಕೈ ಹೋದರೂ ಬೆರಳುಗಳ ಅರಿವು ಉಳಿದಿರುವುದು ಆತ್ಮ ಇದೆ ಎಂಬುದಕ್ಕೆ ಸಾಕ್ಷಿ ಎಂದನೆಂಬ ಮಾತಿದೆ. ಸಾಮಾನ್ಯ ಸಿಪಾಯಿ ಹಾಗೆಂದಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರೇನೋ.

ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಕೈಕಾಲು ಕಳೆದುಕೊಂಡವರು ಸಾವಿರಾರು ಮಂದಿ. ಅಂಥವರಿಗೆ ಫಿಲಡೆಲ್ಫಿಯಾದಲ್ಲಿ ಚಿಕಿತ್ಸೆ ನೀಡಿದ ಸೈಲಸ್ ವಿಯರ್ ಮಿಚೆಲ್, ಕಂಡದ್ದನ್ನು ಮೊದಲಿಗೆ ವೈದ್ಯಕೀಯ ಪತ್ರಿಕೆಗೆ ಬರೆಯಲಿಲ್ಲ. ಸೋಜಿಗವೆಂದರೆ, 1866ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಹೆಸರಿಲ್ಲದೆ ಕಥೆಯಾಗಿ ಪ್ರಕಟಿಸಿದ. ಎರಡು ಕೈ, ಎರಡು ಕಾಲು ಎಲ್ಲವನ್ನೂ ಕಳೆದುಕೊಂಡ ಜಾರ್ಜ್ ಡೆಡ್ಲೊ ಎಂಬ ಸೈನ್ಯಾಧಿಕಾರಿಯ ಆತ್ಮಕಥನದಂತಿತ್ತು ಅದು. ಕೊನೆಯಲ್ಲಿ ಪ್ರೇತಾತ್ಮಗಳನ್ನು ಕರೆಯುವ ಕೂಟದಲ್ಲಿ ಅವನ ಕಾಲುಗಳೇ ಪ್ರೇತಗಳಾಗಿ ಬಂದು, ಅವುಗಳ ಮೇಲೆ ಆತ ನಾಲ್ಕು ಹೆಜ್ಜೆ ನಡೆಯುತ್ತಾನೆ! ಇಂಥದ್ದನ್ನೂ ಜನ ನಂಬಿದರು. ಡೆಡ್ಲೊನಿಗೆಂದು ಹಣ ಕಳಿಸಿದರು, ಅವನನ್ನು ನೋಡಲು ಆಸ್ಪತ್ರೆಗೇ ಹೋದರು. ಕಥೆಯನ್ನು ನಂಬಿದ ಲೋಕ ರೋಗಿಯನ್ನು ಮಾತ್ರ ನಂಬಿರಲಿಲ್ಲ.

1871ರಲ್ಲಿ ಮಿಚೆಲ್ ತನ್ನ ಹೆಸರಿನಲ್ಲಿಯೇ ಬರೆದು, ಈ ಅಂಗಕ್ಕೆ ‘ಫ್ಯಾಂಟಮ್’, ಅಂದರೆ ಭೂತ, ಎಂಬ ಹೆಸರಿಟ್ಟ. ಆತ ವಿಚಾರಿಸಿದ 90 ಮಂದಿಯಲ್ಲಿ ನಾಲ್ವರನ್ನು ಬಿಟ್ಟು ಉಳಿದವರಿಗೆಲ್ಲ ಅದರ ಅನುಭವವಾಗಿತ್ತು. ಹುಚ್ಚು ಇಷ್ಟು ಜನರಿಗೆ ಒಂದೇ ರೀತಿ ಹಿಡಿಯುವುದಿಲ್ಲವಷ್ಟೆ.

ಕಾರಣದ ಸುಳಿವು ಕಾವಸ್‌ಜಿಯ ಮೂಗಿನಲ್ಲಿಯೇ ಇತ್ತು. ಹಣೆಯ ಚರ್ಮದಿಂದ ಮೂಗು ಮಾಡಿಸಿಕೊಂಡವರ ಹೊಸ ಮೂಗನ್ನು ಮೊದಮೊದಲು ಮುಟ್ಟಿದರೆ ಹಣೆ ಮುಟ್ಟಿದಂತೆ ಆಗುತ್ತದೆ. ಚರ್ಮ ಜಾಗ ಬದಲಿಸಿದರೂ ಅದರ ನರ ಹಳೆಯ ವಿಳಾಸವನ್ನೇ ಹೇಳುತ್ತದೆ. ಸ್ಪರ್ಶ ಎಲ್ಲಿ ಆಯಿತೆಂದು ತೀರ್ಮಾನಿಸುವುದು ಚರ್ಮವಲ್ಲ, ಮಿದುಳು. ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ, ಎಚ್ಚರವಿದ್ದ ರೋಗಿಗಳ ಮಿದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ ನೋಡಿ, ಅದರ ಮೇಲೆ ಇಡೀ ದೇಹದ ನಕ್ಷೆ ಇರುವುದನ್ನು ತೋರಿಸಿದ. ಕೈ ಕತ್ತರಿಸಬಹುದು, ನಕ್ಷೆಯನ್ನು ಕತ್ತರಿಸಲಾಗದು.

ನಮ್ಮ ನೆರೆಯ ತಮಿಳುನಾಡಿನಲ್ಲಿ ಹುಟ್ಟಿ, ಚೆನ್ನೈನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕೈಯಿಲ್ಲದ ಕೆಲವರ ಕೆನ್ನೆಯನ್ನು ಹತ್ತಿಯಿಂದ ಸವರಿದರು. ಅವರಿಗೆ ಇಲ್ಲದ ಬೆರಳುಗಳನ್ನು ಸವರಿದಂತಾಯಿತು. ನಕ್ಷೆಯಲ್ಲಿ ಮುಖ ಕೈಯ ಪಕ್ಕದ ಮನೆ. ಖಾಲಿ ಬಿದ್ದ ಹೊಲಕ್ಕೆ ಪಕ್ಕದವನು ಬದು ಸರಿಸಿದಂತೆ ಮುಖ ಒಳನುಗ್ಗಿದೆ ಎಂಬುದು ಅವರ ವಿವರಣೆ. ಬಹುಕಾಲ ಪಠ್ಯಗಳಲ್ಲಿ ನಿಂತ ಈ ಮಾತಿಗೆ ಈಗ ಪೆಟ್ಟು ಬಿದ್ದಿದೆ. ಕೈ ತೆಗೆಯುವ ಮುಂಚೆ ಮತ್ತು ತೆಗೆದ ಅನಂತರ ಮೂವರ ಮಿದುಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೈಯ ನಕ್ಷೆ ವರ್ಷಗಳ ನಂತರವೂ ಹಾಗೆಯೇ ಇತ್ತು. ಹೊಲ ಯಾರಿಗೂ ಹೋಗಿಲ್ಲ, ಪಹಣಿ ಹಳೆಯ ಮಾಲೀಕನ ಹೆಸರಿನಲ್ಲಿಯೇ ಇದೆ! ನೋವಿಗೂ ನೆನಪುಂಟು. ತೆಗೆಯುವ ಮುನ್ನ ಹುಣ್ಣಾಗಿದ್ದ ಕಾಲು, ಹೋದ ಮೇಲೂ ಅದೇ ಜಾಗದಲ್ಲಿ ನೋಯುವುದನ್ನು ಸಂಶೋಧಕರು ದಾಖಲಿಸಿದ್ದಾರೆ.

ಇದು ಸಿಪಾಯಿಗಳ ಕಾಲದ ಸಂಗತಿಯಷ್ಟೇ ಅಲ್ಲ. ಗೊಬ್ಬೂರ, ಅಫಜಲಪುರ, ಆಳಂದ, ಜೇವರ್ಗಿ ಕಡೆ ತೊಗರಿ ರಾಶಿಯ ದಿನಗಳಲ್ಲಿ ಊರೂರಿಗೆ ರಾಶಿ ಮಷೀನು ಬರುತ್ತದೆ. ಇಂಥ ಯಂತ್ರಗಳಿಗೆ ಕೈ ಕೊಟ್ಟು ಕುಳಿತವರು ದೇಶದ ತುಂಬ ಎಷ್ಟಿದ್ದರೆಂದರೆ, ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನೇ ಮಾಡಬೇಕಾಯಿತು. ಈಗ ಅವರ ಸಾಲಿಗೆ ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಸಿಕೊಂಡವರೂ ಸೇರಿದ್ದಾರೆ. ಇಲ್ಲದ ಕಾಲು ಉರಿಯುತ್ತದೆಂದು ಹೇಳಿದರೆ ಮನೆಯವರು ಗಾಬರಿಯಾದಾರು, ಊರವರು ನಕ್ಕಾರು ಎಂದು ಎಷ್ಟೋ ಮಂದಿ ಬಾಯಿಬಿಡುವುದಿಲ್ಲ. ರಾತ್ರಿ ನಿದ್ದೆ ಮಾತ್ರ ಇಲ್ಲ.

ವೈದ್ಯರಿಗೆ ಹೇಳುವುದೇ ಮೊದಲ ಚಿಕಿತ್ಸೆ. ಉಳಿದ ಮೋಟಿನಲ್ಲಿ ಹುಣ್ಣೋ, ನರದ ಗಂಟೋ ಇದೆಯೇ ಎಂದು ಅವರು ನೋಡಬೇಕು. ಅಂಗಡಿಯ ನೋವಿನ ಮಾತ್ರೆ ಇದಕ್ಕೆ ಸಾಲದು, ನರದ ನೋವಿಗೆ ಬೇರೆಯೇ ಮಾತ್ರೆಗಳಿವೆ. ಕೃತಕ ಕೈಕಾಲನ್ನು ದಿನವೂ ಬಳಸಿದರೆ ಕೆಲವರಿಗೆ ನೋವು ತಗ್ಗುವುದುಂಟು.

ಇನ್ನೊಂದು ಉಪಾಯ ರಾಮಚಂದ್ರನ್ ಅವರದು; ಅದಕ್ಕೆ ಬೇಕಾದದ್ದು ಒಂದು ಕನ್ನಡಿ. ಅದನ್ನು ಎರಡೂ ಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿ, ಇರುವ ಕಾಲಿನ ಬಿಂಬ ನೋಡುತ್ತ ಅದನ್ನು ಮೆಲ್ಲಗೆ ಮಡಚಬೇಕು, ಚಾಚಬೇಕು. ಕಣ್ಣಿಗೆ ಎರಡು ಕಾಲು ಕಾಣುತ್ತವೆ, ಬಿಗಿದುಕೊಂಡದ್ದು ಸಡಿಲಿಸಿದಂತೆ ಆಗುತ್ತದೆ. ಕಾಲು ಕಳೆದುಕೊಂಡ ಅಮೆರಿಕದ ಸೈನಿಕರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 15 ನಿಮಿಷದಂತೆ ನಾಲ್ಕು ವಾರ ಹೀಗೆ ಮಾಡಿದವರ ನೋವು ಇಳಿಯಿತು. ಬಟ್ಟೆ ಮುಚ್ಚಿದ ಕನ್ನಡಿ ಕೊಟ್ಟವರಿಗೆ ಅಷ್ಟು ಗುಣ ಕಾಣಲಿಲ್ಲ. ನಂತರದ ಪ್ರಯೋಗಗಳ ಫಲ ಒಂದೇ ತೆರನಾಗಿಲ್ಲ. ಕೆಲವರಿಗೆ ಬಿಂಬ ನೋಡಿ ಸಂಕಟವೇ ಹೆಚ್ಚಾದದ್ದೂ ಇದೆ. ಹಾಗಾದಾಗ ಕನ್ನಡಿಯನ್ನು ಪಕ್ಕಕ್ಕಿಟ್ಟು ವೈದ್ಯರ ಬಳಿಗೆ ಹೋಗಬೇಕು.